ಬಾನೆಟ್ಟಿನೊಳಗಿನ ಹಳದಿ ಗುರುತು

ಮೊನ್ನೆ ಶನಿವಾರ ನನ್ನ ಪ್ರಾಯದ ಹೆಂಗಸೊಬ್ಬರು ನನ್ನ ಅಳಿಯನ ಕಾರಿನ ಅಡಿಯಲ್ಲಿ ಅಂಗಾತ ಮಲಗಿ, ಟಾರ್ಚು ಹಿಡಿದು, "ಆಹಾ, ಎಷ್ಟು ಕೆಟ್ಟದಾಗಿ ಮಾಡಿದ್ದಾರೆ ನೋಡಿ!" ಎಂದು ಸಂತೋಷದಿಂದ ಕೂಗಿದರು.

ಕೆಟ್ಟ ಕೆಲಸ ಕಂಡು ಇಷ್ಟು ಖುಷಿಪಡುವವರನ್ನು ನಾನು ಅದುವರೆಗೆ ನೋಡಿರಲಿಲ್ಲ. ನೀವು ನೋಡಿದ್ದೀರಾ?

ಅವರ ಹೆಸರು ಜೋನ್. ಅಮೆರಿಕದವರು. ಚಳಿಗಾಲವನ್ನು ಅಬುಧಾಬಿಯಲ್ಲಿ ಮಗಳ ಮನೆಯಲ್ಲಿ ಕಳೆಯುತ್ತಾರೆ. ಹಳೆಯ ಅಮೆರಿಕನ್ ಕಾರುಗಳನ್ನು ಪರೀಕ್ಷಿಸಿ, ಇದು ಕಾರ್ಖಾನೆಯಿಂದ ಹೀಗೆಯೇ ಹೊರಬಂದದ್ದೋ, ಆಮೇಲೆ ಯಾರೋ ವೇಷ ಕಟ್ಟಿಸಿದ್ದೋ ಎಂದು ಹೇಳುವುದು ಅವರ ಕೆಲಸ. ಗಂಡನ ಜೊತೆ ಸೇರಿ ಕಲಿತದ್ದಂತೆ. ಗಂಡ ಈಗಿಲ್ಲ. ಟಾರ್ಚು, ಹಲ್ಲಿನ ಡಾಕ್ಟರ ಬಳಿ ಇರುವಂಥ ಉದ್ದ ಹಿಡಿಯ ಪುಟ್ಟ ಕನ್ನಡಿ, ಕುಳಿತುಕೊಳ್ಳಲು ಒಂದು ಮಡಚುವ ಸ್ಟೂಲು, ಇಷ್ಟೇ ಅವರ ಸಾಮಾನು.

ಈ ಕಥೆ ನಮ್ಮ ಮನೆಯ ಮೊಮ್ಮಗಳು ತನ್ವಿಗೆ ಗೊತ್ತು. ಅವಳು ಅಲ್ಲೇ ಇದ್ದಳು, ಸ್ವಲ್ಪ ಪಾಲುದಾರಳೂ ಹೌದು. ದೂರದಲ್ಲಿರುವ ನನ್ನ ಉಳಿದ ಮೊಮ್ಮಕ್ಕಳಿಗಾಗಿ ಬರೆಯುತ್ತಿದ್ದೇನೆ. (ಅವರು ಓದುತ್ತಾರೋ ಇಲ್ಲವೋ, ವಾರವಾರ ನೀವಂತೂ ಓದುತ್ತೀರಿ. ನನಗೆ ಅಷ್ಟು ಸಾಕು.)

ಮೊದಲು ಕಾರಿನ ವಿಷಯ. ಮಸಲ್ ಕಾರ್ ಎಂದರೆ ಏನು ಎಂದು ನನಗೂ ಗೊತ್ತಿರಲಿಲ್ಲ. ಅಳಿಯ ಸತೀಶ ಹೇಳಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ಐವತ್ತು ಅರವತ್ತು ವರ್ಷಗಳ ಹಿಂದೆ ಅಮೆರಿಕದವರು ಸಂಸಾರಸ್ಥರು ಓಡಿಸುವ ಸಾಧಾರಣ ಕಾರಿನ ಮೈಯೊಳಗೆ ಭಾರೀ ದೊಡ್ಡ ಎಂಜಿನ್ ಕೂರಿಸಿ, ಹುಡುಗರಿಗೆ ಹುಚ್ಚು ಹಿಡಿಸಿದರಂತೆ. ಅದೇ ಮೈಗೆ ಸಣ್ಣ ಎಂಜಿನ್ ಕೂರಿಸಿ ಬೇಕಾದಷ್ಟು ಮಾರಿದರು. ದೊಡ್ಡ ಎಂಜಿನ್ನಿನದ್ದು ಕೆಲವೇ ಕೆಲವು. ಹೊರಗಿನಿಂದ ನೋಡಿದರೆ ಎರಡೂ ಅಕ್ಕತಂಗಿಯರ ಹಾಗೆ.

ಈಗ ಗೊತ್ತಾಯಿತಲ್ಲ ಕಷ್ಟ ಎಲ್ಲಿ ಎಂದು? ಸಾಧಾರಣ ಕಾರನ್ನು ತಂದು, ಎಲ್ಲಿಂದಲೋ ಒಂದು ದೊಡ್ಡ ಎಂಜಿನ್ ತಂದು ಇಟ್ಟು, ಪಟ್ಟೆ ಬಳಿದು, ಹೆಸರಿನ ಅಕ್ಷರ ಅಂಟಿಸಿ, "ಇದೇ ಅಸಲಿ" ಎನ್ನುವವರು ಎಲ್ಲ ಕಡೆ ಇದ್ದಾರೆ.

ನಮ್ಮ ಅಳಿಯನ ಕಾರು ಹಸಿರು. ಗಿಳಿಯ ಹಸಿರಲ್ಲ, ಬಾವಿಕಟ್ಟೆಯ ಪಾಚಿಯ ಹಸಿರು. ಎರಡೇ ಬಾಗಿಲು. ಅಲ್ ನಹ್ದಾ ಎಂಬ ಬಡಾವಣೆಯ ನಮ್ಮ ಬಿಲ್ಡಿಂಗಿನ ಬೇಸ್‌ಮೆಂಟಿನಲ್ಲಿ ಅದನ್ನು ಸ್ಟಾರ್ಟ್ ಮಾಡಿದರೆ ಅಕ್ಕಪಕ್ಕದ ಕಾರುಗಳು ಹೆದರಿ ಒಟ್ಟಿಗೆ ಅಲಾರಂ ಹೊಡೆದುಕೊಳ್ಳುತ್ತವೆ. ವಾಚ್‌ಮನ್ ಓಡಿಬರುತ್ತಾನೆ. ಅಳಿಯ ಕೈಮುಗಿಯುತ್ತಾರೆ.

ಅದು ಅವರಿಗೆ ಬಂದದ್ದು ಅಬುಧಾಬಿಯ ಹಿರಿಯ ಅರಬ್ಬರೊಬ್ಬರಿಂದ. ಅವರ ಆಫೀಸಿನಲ್ಲಿ ಅಳಿಯ ಬಹಳ ವರ್ಷ ಕೆಲಸ ಮಾಡಿದವರು. ಅವರನ್ನು ಬಾಬಾ ಎಂದೇ ಕರೆಯುತ್ತಿದ್ದರು. ಬಾಬಾ ಹುಡುಗರಾಗಿದ್ದಾಗ ಹಡಗಿನಲ್ಲಿ ತರಿಸಿಕೊಂಡ ಕಾರು ಅದು. ಮಕ್ಕಳಿಗೆ ಬೇಡವಾಗಿ ಶೆಡ್ಡಿನಲ್ಲಿ ನಿಂತಿತ್ತು. ಕೀ ಕೊಡುವಾಗ ಅವರು ಅಳಿಯನ ಭುಜದ ಮೇಲೆ ಕೈಯಿಟ್ಟು, "ಹಡಗಿನಿಂದ ಹೇಗೆ ಇಳಿಯಿತೋ ಹಾಗೆಯೇ ಇದೆ. ಬಣ್ಣ ಹೊಡೆಸಬೇಡ. ಖಲಾಸ್" ಎಂದರಂತೆ. ಮರುವರ್ಷ ಅವರು ತೀರಿಕೊಂಡರು. ಅಂದು ಅಳಿಯ ಊಟ ಮಾಡಲಿಲ್ಲ.

ಹಳೇ ಕಾರು ಇಟ್ಟುಕೊಂಡವರು ಭಾನುವಾರ ಬೆಳಿಗ್ಗೆ ಒಂದು ಕೆಫೆಟೇರಿಯಾದ ಮುಂದೆ ಸೇರುತ್ತಾರೆ. ಕಡಕ್ ಚಹಾ ಕುಡಿಯುತ್ತಾ ಒಬ್ಬರ ಕಾರನ್ನು ಇನ್ನೊಬ್ಬರು ಹೊಗಳುವುದು ಕಾರ್ಯಕ್ರಮ. ಅಲ್ಲಿಗೆ ಬರುವ ಸುಧೀರ್ ಎಂಬವರು ಬೆಂಗಳೂರಿನವರು. ಕೆಂಪು ಕಾರು. ಕನ್ನಡಿ ಬೇಡ, ಅದರಲ್ಲೇ ತಲೆ ಬಾಚಿಕೊಳ್ಳಬಹುದು, ಹಾಗೆ ಹೊಳೆಯುತ್ತದೆ. ಒಂದು ದಿನ ಅವರು ನಮ್ಮ ಹಸಿರು ಕಾರಿನ ಸುತ್ತ ಒಂದು ಸುತ್ತು ಬಂದು ಎಲ್ಲರೆದುರು ಹೇಳಿದರು:

"ಗುರು, ಬೇಜಾರ್ ಮಾಡ್ಕೋಬೇಡ. ಇದು ಕ್ಲೋನು. ನಿಮ್ ಬಾಬಾ ಒಳ್ಳೇ ಕಥೆ ಕಟ್ಟಿದ್ದಾರೆ, ನೀನು ನಂಬ್ಕೊಂಡ್ ಕೂತಿದ್ದೀಯ."

ಕಾರು ನಕಲಿ ಎಂದಿದ್ದರೆ ಅಳಿಯ ನಕ್ಕು ಸುಮ್ಮನಾಗುತ್ತಿದ್ದರೇನೋ. ಬಾಬಾ ಕಥೆ ಕಟ್ಟಿದರು ಎಂದದ್ದು ಅವರಿಗೆ ತಾಗಿತು. ಸತ್ತವರನ್ನು ಕೇಳುವುದು ಹೇಗೆ? ಆಮೇಲೆ ಭಾನುವಾರ ಬಂದರೆ ಅಳಿಯ ಮನೆಯಲ್ಲೇ ಕೂತು ಮೊಬೈಲು ತಿಕ್ಕತೊಡಗಿದರು. ಕಾರು ಬೇಸ್‌ಮೆಂಟಿನಲ್ಲಿ ಬೂದು ಬಣ್ಣದ ಮುಸುಕು ಹೊದ್ದು ಮಲಗಿತು. ಮಗಳು ವೀಣಾಳೇ ಕೊನೆಗೆ ರೇಗಿದಳು. "ಎಂತ ಮಾರಾಯ್ರೆ ನೀವು, ಹೀಗೆ ಮುಖ ಸಣ್ಣ ಮಾಡಿ ಕೂತರೆ ಆಯ್ತಾ? ಗೊತ್ತಿರುವವರನ್ನು ಕರೆಸಿ ತೋರಿಸಿ. ಅಸಲಿ ಅಂದ್ರೆ ಅಸಲಿ, ನಕಲಿ ಅಂದ್ರೆ ನಕಲಿ."

ಹೀಗೆ ಜೋನ್ ಬಂದರು.

ರಾಸ್ ಅಲ್ ಖೋರ್‌ನಲ್ಲಿ ಅಳಿಯನ ಪರಿಚಯದ ಗ್ಯಾರೇಜೊಂದಿದೆ. ಕಾರನ್ನು ಮೇಲೆತ್ತುವ ಯಂತ್ರ ಇದೆ. ವೀಣಾಳಿಗೆ ಆಸ್ಪತ್ರೆಯಲ್ಲಿ ಡ್ಯೂಟಿ. ಹಾಗಾಗಿ ತನ್ವಿಯೂ ನಾನೂ ಜೊತೆಗೆ ಹೋದೆವು. ಬೆಳಿಗ್ಗೆ ಮಾಡಿದ ಬನ್ಸು ಡಬ್ಬಿಯಲ್ಲಿತ್ತು. ನನಗೆ ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಟ್ಟರು. ಹೊಸಬರೆದುರು ನನಗೆ ಮಾತು ಬರುವುದಿಲ್ಲ, ಮೂಲೆ ಸಿಕ್ಕಿದರೆ ಸುಖ. ಇಂಗ್ಲಿಷು ಅರ್ಧ ಅರ್ಥವಾಗುತ್ತದೆ. ಉಳಿದರ್ಧಕ್ಕೆ ತನ್ವಿ ಇದ್ದಳು.

ಜೋನ್ ಬಂದವರು ಕಾರನ್ನು ಮುಟ್ಟಲೇ ಇಲ್ಲ. ಸ್ಟೂಲು ಬಿಡಿಸಿ ಎದುರು ಕುಳಿತು ಸುಮ್ಮನೆ ನೋಡಿದರು. ಮದುವೆಗೆ ಹೆಣ್ಣು ನೋಡಲು ಬಂದವರೂ ಹಾಗೆ ನೋಡುವುದಿಲ್ಲ.

ಅಳಿಯ ಉತ್ಸಾಹದಿಂದ ಹಿಂಬದಿಯ ಹೆಸರಿನ ಅಕ್ಷರಗಳನ್ನು ತೋರಿಸಿದರು. ಜೋನ್ ತಲೆಯಲ್ಲಾಡಿಸಿದರು. "ಅದು ಅಂಗಡಿಯಲ್ಲಿ ಸಿಗುತ್ತದೆ."

ಸೀಟಿನ ಬಟ್ಟೆ ತೋರಿಸಿದರು. "ಅದೂ ಸಿಗುತ್ತದೆ."

"ಹಾಗಾದ್ರೆ ಸಿಗದೇ ಇರುವುದು ಎಂತ?" ಎಂದು ಅಳಿಯ ಕನ್ನಡದಲ್ಲಿ ಗೊಣಗಿದರು. ತನ್ವಿ ಅದನ್ನೂ ಅನುವಾದ ಮಾಡಿಬಿಟ್ಟಳು!

ಜೋನ್ ನಕ್ಕರು. ಎದ್ದು ಬಂದು ಮುಂದಿನ ಗಾಜಿನ ಮೂಲೆಯಲ್ಲಿ ಟಾರ್ಚು ಬಿಟ್ಟು ನಮ್ಮನ್ನು ಕರೆದರು. ಒಳಗೆ ಒಂದು ಸಣ್ಣ ತಗಡು, ಅದರ ಮೇಲೆ ಕಾರಿನ ನಂಬರು. ತಗಡನ್ನು ಬಿಗಿದ ರಿವೆಟ್ಟುಗಳ ತಲೆ ಎಸಳೆಸಳಾಗಿ ಹೂವಿನ ಹಾಗಿತ್ತು. ನಮ್ಮ ಕಡೆ ಮೂಗುಬೊಟ್ಟು ಹಾಗಿರುತ್ತದೆ. ಆ ಕಾಲದ ಕಾರ್ಖಾನೆ ಬಳಸುತ್ತಿದ್ದದ್ದು ಈ ಹೂವಂತೆ. ತಗಡು ಕಿತ್ತು ಇನ್ನೊಂದು ಕಾರಿಗೆ ಹಾಕಿದವರು ಹೊಸ ರಿವೆಟ್ಟು ಹೊಡೆಯುತ್ತಾರೆ, ಎಸಳು ಚಪ್ಪಟೆಯಾಗುತ್ತದೆ, ಸುತ್ತ ಗೀರು ಬೀಳುತ್ತದೆ.

"ಇದರಲ್ಲಿ ಗೀರು ಇಲ್ಲ ಅಲ್ವಾ?" ಅಳಿಯ ಕೇಳಿದರು.

ಜೋನ್ ಟಾರ್ಚು ಆರಿಸಿದರು. ಮುಗಿಯುವವರೆಗೆ ತೀರ್ಪು ಹೇಳುವುದಿಲ್ಲ ಎಂದು ಅವರು ಮೊದಲೇ ಹೇಳಿದ್ದರು. ಅಳಿಯನ ಅವಸ್ಥೆ ನನಗೆ ಅರ್ಥವಾಯಿತು. ಹತ್ತನೇ ಕ್ಲಾಸಿನ ರಿಸಲ್ಟ್ ನೋಡಲು ಹೋದ ಮಕ್ಕಳ ಮುಖ.

ಆಮೇಲೆ ಎಂಜಿನ್. ಅದರ ಮೈಮೇಲೆ ಒಂದು ಕಡೆ ಸಪಾಟು ಜಾಗ ಇದೆ, ಅಲ್ಲಿ ಅಂಕಿಗಳನ್ನು ಕೊರೆದಿರುತ್ತಾರೆ. ಕಾರಿನ ನಂಬರಿಗೆ ಅದು ಹೊಂದಬೇಕು. ಹೊಂದಿತು. ಅಳಿಯ ಉಸಿರು ಬಿಟ್ಟರು. ಆದರೆ ಜೋನ್ ಅಂಕಿಗಳನ್ನು ನೋಡುತ್ತಲೇ ಇರಲಿಲ್ಲ! ಅಂಕಿಗಳ ಹಿಂದಿನ ಲೋಹವನ್ನು ನೋಡುತ್ತಿದ್ದರು. ಟಾರ್ಚನ್ನು ಓರೆ ಮಾಡಿ ತನ್ವಿಯನ್ನು ಕರೆದು, "ಏನು ಕಾಣುತ್ತದೆ?" ಎಂದರು.

"ಲೈನ್ಸ್," ಎಂದಳು ತನ್ವಿ. "ವೆರಿ ವೆರಿ ಥಿನ್ ಲೈನ್ಸ್, ಅಜ್ಜಿ. ಲೈಕ್ ಹೇರ್."

ನಾನೂ ಕನ್ನಡಕ ಏರಿಸಿ ನೋಡಿದೆ. ಹೌದು, ಬಾಚಿದ ಕೂದಲಿನ ಹಾಗೆ ಸಾಲು ಸಾಲು ಗೆರೆ. ಎಂಜಿನ್ ಮಾಡುವಾಗ ಯಂತ್ರ ಆ ಜಾಗವನ್ನು ಕೆತ್ತಿ ಸಮ ಮಾಡುತ್ತದಲ್ಲ, ಆಗ ಬಿದ್ದ ಗೆರೆಗಳು. ಮೋಸ ಮಾಡುವವರು ಹಳೆಯ ಅಂಕಿಯನ್ನು ಉಜ್ಜಿ ತೆಗೆದು ತಮಗೆ ಬೇಕಾದ ಅಂಕಿ ಕೊರೆಯುತ್ತಾರೆ. ಅಂಕಿ ಸರಿಯಾಗಿಯೇ ಬರುತ್ತದೆ. ಉಜ್ಜುವಾಗ ಆ ಕೂದಲೆಳೆಯ ಗೆರೆಗಳು ಮಾತ್ರ ಹೋಗಿಬಿಡುತ್ತವೆ. ಅಂಕಿ ನೋಡಿ ಮರುಳಾಗುವವರು ನಾವು, ಗೆರೆ ನೋಡುವವರು ಅವರು.

ಆಮೇಲೆ ಕಾರು ಮೇಲೇರಿತು, ಅರ್ಧಕ್ಕೆ ಇಳಿಯಿತು, ಜೋನ್ ನೆಲದ ಮೇಲೆ ರಟ್ಟು ಹಾಸಿ ಅಡಿಗೆ ನುಗ್ಗಿದರು. ನಾನು ಮೊದಲು ಹೇಳಿದ ಆ ಕೂಗು ಬಂದದ್ದು ಆಗ. ಅಡಿಭಾಗದಲ್ಲಿ ಬಣ್ಣ ಹನಿಹನಿಯಾಗಿ ಇಳಿದು ಗಟ್ಟಿಯಾಗಿತ್ತು. ಎರಡು ತಗಡು ಸೇರುವಲ್ಲಿ ಬಳಿದ ಅಂಟು ಅಂಕುಡೊಂಕು. ಒಂದು ಕಡೆ ಬೆರಳಿನಲ್ಲಿ ಎಳೆದು ಬಿಟ್ಟಂತಿತ್ತು.

"ಇದರಲ್ಲಿ ಖುಷಿ ಪಡುವುದು ಎಂತ ಉಂಟು?" ನಾನು ತನ್ವಿಯ ಕಿವಿಯಲ್ಲಿ ಕೇಳಿದೆ. ಅವಳು ಕೇಳಿ ಹೇಳಿದಳು.

ಜೋನ್ ಅಡಿಯಿಂದಲೇ ಕೊಟ್ಟ ಉತ್ತರವನ್ನು ನಾನು ಮನೆಗೆ ಬಂದು ಮತ್ತೆ ತನ್ವಿಯ ಬಾಯಿಂದ ಹೇಳಿಸಿಕೊಂಡು ಬರೆದಿಟ್ಟೆ. "ನಕಲಿ ಮಾಡುವವನಿಗೆ ಭಯ ಇರುತ್ತದೆ. ಅದಕ್ಕೇ ಅವನು ಚೆನ್ನಾಗಿ ಮಾಡುತ್ತಾನೆ. ಕಾರ್ಖಾನೆಯವನಿಗೆ ಭಯಪಡಲು ಪುರುಸೊತ್ತಿರಲಿಲ್ಲ. ಹಿಂದೆ ಇನ್ನೊಂದು ಕಾರು ಬರುತ್ತಿತ್ತು."

ಎಂಥ ಮಾತು! ನಾನು ಕುರ್ಚಿಯಲ್ಲಿ ಕೂತು ಅದನ್ನೇ ಯೋಚಿಸಿದೆ. ಯಾವನೋ ಹುಡುಗ, ಊಟದ ಬೆಲ್ಲಿಗೆ ಕಾಯುತ್ತಾ, ಬೆರಳಿನಲ್ಲಿ ಅಂಟು ಎಳೆದು ಮುಂದಿನ ಕಾರಿಗೆ ತಿರುಗಿದ. ಅರ್ಧ ಶತಮಾನ ಕಳೆದು ಸಮುದ್ರದಾಚೆ ಮರಳುಗಾಡಿನ ಊರಿನಲ್ಲಿ ಅಜ್ಜಿಯೊಬ್ಬರು ಮಲಗಿಕೊಂಡು ಅವನ ಬೆರಳನ್ನು ಮೆಚ್ಚುತ್ತಿದ್ದಾರೆ. ಅವನಿಗೆ ಗೊತ್ತೇ?

ನಾವಾದರೋ ಎಲ್ಲವನ್ನೂ ನಯ ಮಾಡುವವರು. ತನ್ವಿ ನನ್ನ ಜೊತೆ ಫೋಟೋ ತೆಗೆದರೆ ಮೊಬೈಲು ನನ್ನ ಕೆನ್ನೆಯ ಮಚ್ಚೆಯನ್ನೇ ಅಳಿಸಿಹಾಕುತ್ತದೆ. "ಅಜ್ಜಿ, ಯು ಲುಕ್ ಸೋ ಯಂಗ್!" ಎನ್ನುತ್ತಾಳೆ. ಹೌದು ಮಗಾ, ಆದರೆ ಆ ಫೋಟೋದಲ್ಲಿರುವ ಮುದುಕಿ ಯಾರು? ಜೋನ್ ಎದುರು ಇಟ್ಟರೆ ಅವರು ಒಂದೇ ನೋಟಕ್ಕೆ ಕ್ಲೋನು ಎಂದುಬಿಡುತ್ತಾರೆ.

ಜೋನ್ ಅಡಿಯಿಂದ ಹೊರಬಂದಾಗ ಮುಖ ಗಂಭೀರವಾಗಿತ್ತು. ಗೇರ್‌ಬಾಕ್ಸಿನ ಮೇಲಿನ ನಂಬರು ಹೊಂದುವುದಿಲ್ಲ ಎಂದರು. ಅದು ಇನ್ಯಾವುದೋ ಕಾರಿನದ್ದು.

ಅಳಿಯ ಗೋಡೆಗೆ ಒರಗಿದರು. ಬಾಬಾ ಹೇಳಿದ್ದು ಹಡಗಿನಿಂದ ಇಳಿದ ಹಾಗೆಯೇ ಇದೆ ಎಂದಲ್ಲವೇ? ಸುಧೀರ್ ಹೇಳಿದ್ದೇ ನಿಜವೇ? ಪಕ್ಕದ ಗ್ಯಾರೇಜಿನಲ್ಲಿ ಯಾರೋ ತಗಡು ಬಡಿಯುತ್ತಿದ್ದರು. ನಾನು ಬನ್ಸಿನ ಡಬ್ಬಿ ತೆರೆದು ಮತ್ತೆ ಮುಚ್ಚಿದೆ.

ಕೊನೆಗೆ ಜೋನ್ ಬಾನೆಟ್ಟಿನೊಳಗೆ ಇನ್ನೊಮ್ಮೆ ಬಗ್ಗಿದರು. ಎಂಜಿನ್ನಿನ ಹಿಂದೆ ಒಂದು ಲೋಹದ ಗೋಡೆ ಇರುತ್ತದೆ. ಆಚೆ ಬದಿಗೆ ನಮ್ಮ ಕಾಲು, ಈಚೆ ಬದಿಗೆ ಎಂಜಿನ್. ಕನ್ನಡಿ ಹಿಡಿದು ಆ ಗೋಡೆಯ ಮೂಲೆಯನ್ನು ನೋಡಿದವರು, ನೋಡುತ್ತಲೇ ನಿಂತರು. ಆಮೇಲೆ ಕೈಸನ್ನೆ ಮಾಡಿ ಅಳಿಯನನ್ನು ಕರೆದರು.

ಆ ಮೂಲೆ ನನಗೆ ಗೊತ್ತು.

ಅಲ್ಲಿ ಒಂದು ಬೋಲ್ಟಿನ ಮೇಲೆ ಹೆಬ್ಬೆರಳ ಗಾತ್ರದ ಹಳದಿ ಗುರುತು, ಹಳದಿಯ ನಡುವೆ ಕೆಂಪು ಬೊಟ್ಟು.

ಕಾರ್ಖಾನೆಯಲ್ಲಿ ಬೋಲ್ಟು ಬಿಗಿದಾದ ಮೇಲೆ ಪರೀಕ್ಷಕ ಬಂದು ಸರಿಯಿದೆ ಎಂದು ಬ್ರಶ್ಶಿನಲ್ಲಿ ಒಂದು ಗೆರೆ ಎಳೆಯುತ್ತಿದ್ದನಂತೆ. ಆ ಕಾರ್ಖಾನೆಯ ಹಳದಿಯನ್ನು ಜೋನ್ ನೋಡಿದ್ದಾರೆ. ಹಳದಿಯ ಮೇಲೆ ಕೆಂಪನ್ನು ಮಾತ್ರ ಎಲ್ಲೂ ನೋಡಿಲ್ಲ.

"ಎರಡು ಸಲ ಚೆಕ್ ಮಾಡಿದ್ದಾ?" ಅಳಿಯನ ಮುಖದಲ್ಲಿ ಬೆಳಕು ಮರಳಿತು. "ಸ್ಪೆಷಲ್ ಆರ್ಡರ್ ಇರಬಹುದಾ? ಹಾಗಿದ್ರೆ ಭಾರೀ ಅಪರೂಪದ್ದಲ್ವಾ ಇದು?"

ಜೋನ್ ಸ್ಟೂಲಿನ ಮೇಲೆ ಕುಳಿತು ಕನ್ನಡಕ ಒರೆಸಿಕೊಂಡರು. ಆಮೇಲೆ, "ಐ ಡೋಂಟ್ ನೋ" ಎಂದರು.

ನನಗೆ ಅನುವಾದ ಬೇಕಾಗಲಿಲ್ಲ. ಮಕ್ಕಳೇ, ಆ ದಿನವಿಡೀ ನಾನು ಕಂಡದ್ದರಲ್ಲಿ ನನಗೆ ಅತಿ ದೊಡ್ಡದೆನಿಸಿದ್ದು ಇದು. ಅವರೊಂದು ಕಥೆ ಹೇಳಿದ್ದರೆ ಅಲ್ಲಿ ಎದುರು ಹೇಳುವವರು ಯಾರಿದ್ದರು? ಅಳಿಯ ಸಂತೋಷವಾಗಿ ನಂಬುತ್ತಿದ್ದರು. ಇಡೀ ಆಯುಷ್ಯ ಇದನ್ನೇ ನೋಡಿದ ಹೆಂಗಸು ಗೊತ್ತಿಲ್ಲ ಎನ್ನುತ್ತಾರೆ. ನಮ್ಮ ಬಿಲ್ಡಿಂಗಿನ ಲಿಫ್ಟಿನಲ್ಲಿ ಒಮ್ಮೆ ಮೇಲಿಂದ ಕೆಳಗೆ ಇಳಿಯಿರಿ. ಅಷ್ಟರೊಳಗೆ ಸಕ್ಕರೆ ಕಾಯಿಲೆಗೆ ಔಷಧಿ, ವೀಸಾ ಕಾನೂನು, ಯುದ್ಧ ಯಾವಾಗ ನಿಲ್ಲುತ್ತದೆ, ಎಲ್ಲವೂ ಗೊತ್ತಿರುವವರು ಸಿಗುತ್ತಾರೆ!

ಜೋನ್ ಮುಂದೆ ಹೇಳಿದ್ದು ತನ್ವಿಯಿಂದ ಬಂತು. ಈ ಕೆಂಪು ಒಂದೋ ತುಂಬ ಅಪರೂಪದ್ದು, ಇಲ್ಲವೇ ಈಚೆಗೆ ಯಾರೋ ಹಚ್ಚಿದ್ದು. ಈಚಿನದಾದರೆ ಹಳದಿಯ ಮೇಲೂ ಸಂಶಯ. ಒಂದು ಕಡೆ ಬೇಕೆಂದೇ ಕೈಯಾಡಿಸಿದವರು ಇನ್ನೊಂದು ಕಡೆ ಸುಮ್ಮನಿರುತ್ತಾರೆಯೇ? ಎಲ್ಲವನ್ನೂ ಮತ್ತೆ ನೋಡಬೇಕಾಗುತ್ತದೆ. ಫೋಟೋ ತೆಗೆದು ಅಮೆರಿಕದ ಗೆಳೆಯರಿಗೆ ಕಳಿಸುತ್ತೇನೆ ಎಂದರು.

ಅಳಿಯನಿಗೆ ಕೇಳಿಸಿದ್ದು ಅಪರೂಪ ಎಂಬ ಒಂದೇ ಶಬ್ದ. ಅವರೂ ಮೊಬೈಲು ತೆಗೆದರು. ಭಾನುವಾರದ ಗೆಳೆಯರ ಗ್ರೂಪಿಗೆ ಹಾಕಲು.

ತನ್ವಿ ನನ್ನ ಪಕ್ಕಕ್ಕೆ ಬಂದು ಸೆರಗು ಎಳೆದಳು. "ಅಜ್ಜಿ, ಡೋಂಟ್ ಸೇ ಎನಿಥಿಂಗ್. ಪಪ್ಪ ಎಷ್ಟು ಹ್ಯಾಪಿ ನೋಡು."

ಈಗ ಆಯುಧ ಪೂಜೆಯ ದಿನದ ವಿಷಯ ಹೇಳಬೇಕು.

ನಮ್ಮಲ್ಲಿ ಆ ದಿನ ಮನೆಯ ವಾಹನಗಳನ್ನು ತೊಳೆದು, ಅರಿಸಿನ ಕುಂಕುಮ ಹಚ್ಚಿ, ಹೂವಿಡುತ್ತೇವೆ. ಬೇಸ್‌ಮೆಂಟಿನಲ್ಲಿ ಕರ್ಪೂರ ಹಚ್ಚುವಂತಿಲ್ಲ, ವಾಚ್‌ಮನ್ "ಆಗ್ ಮಾಫಿ, ಮಾಂಜಿ, ಮಾಫಿ" ಎನ್ನುತ್ತಾನೆ, ಬೆಂಕಿ ಕೂಡದು ಎಂದು. ಹೂವು ಕುಂಕುಮಕ್ಕೆ ಅಡ್ಡಿಯಿಲ್ಲ. ಅದು ವೀಣಾಳ ಕೆಲಸ. ನಿಮ್ಮ ಅಜ್ಜ ಹೋದ ಮೇಲೆ ಕುಂಕುಮದ ಭರಣಿ ಮುಟ್ಟುವುದನ್ನು ನಾನಾಗಿಯೇ ಬಿಟ್ಟಿದ್ದೆ. ಈ ಮನೆಯಲ್ಲಿ ಯಾರೂ ಬೇಡ ಎಂದಿರಲಿಲ್ಲ. ಆದರೆ ಚಿಕ್ಕಂದಿನಿಂದ ನೋಡಿ ಬೆಳೆದದ್ದು ಕೈಯನ್ನು ತಡೆಯುತ್ತದೆ.

ಈ ಸಲ ವೀಣಾಳಿಗೆ ಡಬಲ್ ಡ್ಯೂಟಿ. ಅಳಿಯ ಆಫೀಸಿಗೆ ಓಡಿಸುವ ಕಾರಿಗೆ ತಾವೇ ಒಂದು ಹೂವಿಟ್ಟು ಹೋಗಿದ್ದರು. ಹಸಿರು ಕಾರಿಗೆ ಏನೂ ಇಲ್ಲ. ಅದರ ಬಣ್ಣಕ್ಕೆ ಏನೂ ತಾಗಿಸಬಾರದು ಎಂದು ಮನೆಯಲ್ಲಿ ಕಟ್ಟಪ್ಪಣೆ. ಮುಸುಕು ಹಾಕಿ ಒಂಟಿಯಾಗಿ ನಿಂತ ಅದನ್ನು ನೋಡಿ ನನಗೆ ಯಾಕೋ ತಡೆಯಲಿಲ್ಲ. ಹಬ್ಬದ ದಿನವೂ ಹೀಗೇ ಇರಬೇಕೇ ಅದು?

ತನ್ವಿಯೇ ಮುಸುಕು ಸರಿಸಿ ಬಾನೆಟ್ ಎತ್ತಿಕೊಟ್ಟಳು. ಒಳಗೆ ಹಚ್ಚಿದರೆ ಹೊರಗಿನ ಬಣ್ಣಕ್ಕೆ ಏನೂ ಆಗುವುದಿಲ್ಲ, ಯಾರಿಗೂ ಕಾಣುವುದೂ ಇಲ್ಲ ಎಂಬುದು ನನ್ನ ಲೆಕ್ಕ. ನೋಡುತ್ತೇನೆ, ಗೋಡೆಯ ಮೂಲೆಯಲ್ಲಿ ಮೊದಲೇ ಹಳದಿ ಇದೆ! ಬಾಬಾನ ಡ್ರೈವರು ನಮ್ಮ ಕಡೆಯವನೇ ಇರಬೇಕು ಎಂದುಕೊಂಡೆ. ಪಾಪ, ಅರಿಸಿನ ಹಚ್ಚಿದ್ದಾನೆ, ಕುಂಕುಮಕ್ಕೆ ಪುರುಸೊತ್ತಾಗಲಿಲ್ಲ. ಅರಿಸಿನ ಹಚ್ಚಿ ಕುಂಕುಮ ಇಡದೆ ಬಿಡುವುದುಂಟೇ? ಉದುರದಿರಲಿ ಎಂದು ಎರಡು ಹನಿ ತೆಂಗಿನೆಣ್ಣೆಯಲ್ಲಿ ಕಲಸಿ, ಬೋಲ್ಟು ಗೋಡೆಗೆ ಸೇರುವಲ್ಲಿ, ಹಳದಿಯ ನಡುವೆ ಸರಿಯಾಗಿ ಇಟ್ಟೆ. ನೋಡಲು ಲಕ್ಷಣವಾಗಿತ್ತು. ಬಾನೆಟ್ ಮುಚ್ಚಿದೆವು.

ಆ ಬೊಟ್ಟಿನ ಫೋಟೋ ಈಗ ಅಮೆರಿಕಕ್ಕೆ ಹೊರಟಿತ್ತು.

ಸುಮ್ಮನಿರಬಹುದಿತ್ತು. ಅಳಿಯನಿಗೆ ಸಂತೋಷ. ಬಾಬಾನ ಮಾತಿಗೂ ಬಲ. ಆದರೆ ಎದುರಿಗೆ ಒಬ್ಬರು ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳಿ ಕೂತಿದ್ದಾರೆ, ಗೊತ್ತಿರುವ ನಾನು ಬನ್ಸಿನ ಡಬ್ಬಿ ಹಿಡಿದು ಕೂತಿದ್ದೇನೆ. ಇದೆಂಥ ನ್ಯಾಯ?

ಎದ್ದು ನಿಂತೆ. ಅಳಿಯನೆದುರು ನಾನು ಊಟಕ್ಕೆ ಬನ್ನಿ ಎನ್ನುವುದಕ್ಕಿಂತ ಹೆಚ್ಚು ಮಾತಾಡಿದವಳಲ್ಲ.

"ಅದು ಕಾರ್ಖಾನೆದ್ದಲ್ಲ. ಕುಂಕುಮ. ನಾನು ಹಚ್ಚಿದ್ದು."

"ಎಂತದ್ದು ಅತ್ತೆ?"

"ಆಯುಧ ಪೂಜೆ ದಿನ. ಫೋಟೋ ಕಳಿಸಬೇಡಿ."

ಅಳಿಯನ ಹೆಬ್ಬೆರಳು ಮೊಬೈಲಿನ ಮೇಲೆ ನಿಂತೇ ಬಿಟ್ಟಿತು. "ನೀವಾ?" ಎಂದರು. ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, "ಹಳದಿಯೂ ನೀವೆಯಾ?"

"ಅಲ್ಲ. ಅದು ಮೊದಲೇ ಇತ್ತು. ಅರಿಸಿನ ಅಂತ ತಿಳಿದೆ."

ತನ್ವಿ ತಲೆ ತಗ್ಗಿಸಿಕೊಂಡೇ ಜೋನ್‌ಗೆ ಹೇಳಿದಳು. ರೆಡ್ ಪೌಡರ್, ಗಾಡ್, ಫೆಸ್ಟಿವಲ್ ಎಂದೆಲ್ಲ ಏನೇನೋ ಹೇಳಿದಳು. ಜೋನ್ ಕೇಳಿದರು: "ದೇವರಿಗೆ ಹಚ್ಚುವುದನ್ನು ಕಾರಿಗೂ ಹಚ್ಚುತ್ತೀರಾ?"

"ಆ ದಿನ ಹಚ್ಚುತ್ತೇವೆ," ಎಂದೆ. ತನ್ವಿ ಹೇಳಿದಳು.

ಅವರು ನಗುತ್ತಾರೆ ಎಂದುಕೊಂಡೆ. ನಗಲಿಲ್ಲ. ಎದ್ದು ಬಂದು ನನ್ನ ಕೈ ಹಿಡಿದು ಕಾರಿನ ಬಳಿ ಕರೆದುಕೊಂಡು ಹೋದರು. ಹತ್ತಿ ಸುತ್ತಿದ ಒಂದು ಕಡ್ಡಿಗೆ ಯಾವುದೋ ದ್ರವ ತಾಗಿಸಿ ನನ್ನ ಕೈಗೆ ಕೊಟ್ಟರು. ಹಚ್ಚಿದವರೇ ಒರೆಸಲಿ ಎಂಬಂತೆ. ಹಳದಿಯೂ ಕಿತ್ತು ಬಂದರೆ ಕೂಡಲೇ ನಿಲ್ಲಿಸಬೇಕು, ಆಗ ಅದೂ ಈಚಿನದೇ ಎಂದರು.

ಈಗ ನನಗೆ ನಿಜವಾದ ಭಯ. ಬಾಬಾನ ಡ್ರೈವರು ನಿಜವಾಗಿಯೂ ನಮ್ಮವನೇ ಆಗಿದ್ದರೆ? ಅದು ನಿಜವಾಗಿಯೂ ಅರಿಸಿನವೇ ಆಗಿದ್ದರೆ?

ಮೆಲ್ಲನೆ ಉರುಟಿಸಿದೆ. ಹತ್ತಿ ಕೆಂಪಾಯಿತು. ಅಂಚಿನಲ್ಲಿ ಸ್ವಲ್ಪ ಕಿತ್ತಳೆ ಬಣ್ಣ ಕಂಡ ಹಾಗಾಯಿತು. ಅಳಿಯ ಕಣ್ಣು ಮುಚ್ಚಿಕೊಂಡರು. ಜೋನ್ ಇನ್ನೊಂದು ಕಡ್ಡಿ ಕೊಟ್ಟರು. ಅದು ತಿಳಿಗೆಂಪು. ಮತ್ತೊಂದು ಕೊಟ್ಟರು. ಅದು ಬಿಳಿಯಾಗಿಯೇ ಬಂತು.

ಹಳದಿ ಅಲ್ಲೇ ಇತ್ತು. ಅಲ್ಲಾಡಲಿಲ್ಲ.

ಜೋನ್ ಟಾರ್ಚು ಹಾಯಿಸಿ, ಆ ದಿನ ಎರಡನೇ ಸಲ, ಕೂಗಿದರು. ನನ್ನ ಬೊಟ್ಟಿನ ಅಡಿಯಲ್ಲಿ ಅಡಗಿದ್ದದ್ದು ಈಗ ಕಂಡಿತು. ಹಳದಿ ಗೆರೆ ಬೋಲ್ಟಿನ ತಲೆಯಿಂದ ಹೊರಟು, ಎಲ್ಲೂ ಕಡಿಯದೆ, ಗೋಡೆಯ ಮೇಲೂ ಹರಿದಿತ್ತು. ಬ್ರಶ್ಶಿನ ಕೂದಲಿನ ಗೀಟು ಕೂಡ ಇತ್ತು. ಬೋಲ್ಟನ್ನು ಒಮ್ಮೆ ತಿರುಗಿಸಿದ್ದರೂ ಗೆರೆ ಎರಡು ತುಂಡಾಗಬೇಕು. ಇದು ಒಂದೇ ಗೆರೆ. ಆ ಕಾರ್ಖಾನೆಯ ಮನುಷ್ಯ ಎಳೆದು ಹೋದ ಮೇಲೆ ಆ ಬೋಲ್ಟನ್ನು ಯಾರೂ ಮುಟ್ಟಿಲ್ಲ.

(ನಾನೊಬ್ಬಳನ್ನು ಬಿಟ್ಟು.)

ತೀರ್ಪು ಆಮೇಲೆ ಬಂತು. ಕಾರು ಅಸಲಿ. ದೊಡ್ಡ ಎಂಜಿನ್ನಿನೊಂದಿಗೇ ಹುಟ್ಟಿದ್ದು. ಮೈ ಕಾರ್ಖಾನೆಯದ್ದು, ಬಣ್ಣ ಕಾರ್ಖಾನೆಯದ್ದು. ಗೇರ್‌ಬಾಕ್ಸ್ ಮಾತ್ರ ಆಮೇಲೆ ಬಂದದ್ದು.

ಅಳಿಯ ಸಂತೋಷಪಡುವ ಬದಲು ಗೇರ್‌ಬಾಕ್ಸಿಗೇ ಅಂಟಿಕೊಂಡರು. "ಹಾಗಾದ್ರೆ ಬಾಬಾ ನನಗೆ ಸುಳ್ಳು ಹೇಳಿದ್ರಾ?"

ಜೋನ್ ಕೇಳಿದರು: "ಅವರು ಈ ಕಾರನ್ನು ಓಡಿಸುತ್ತಿದ್ದರೇ, ಇಟ್ಟು ನೋಡುತ್ತಿದ್ದರೇ?"

"ಮರಳಿನಲ್ಲಿ ಕೂಡ ಓಡಿಸಿದ್ದಾರೆ. ಅಲ್ ಐನ್‌ವರೆಗೆ ರೇಸ್ ಮಾಡ್ತಿದ್ರಂತೆ ಹುಡುಗರೆಲ್ಲ."

"ಹಾಗಾದರೆ ಗೇರ್‌ಬಾಕ್ಸ್ ಸತ್ತಿದೆ, ಬೇರೆ ಹಾಕಿಸಿದ್ದಾರೆ, ಮರೆತಿದ್ದಾರೆ. ಪ್ರೀತಿಸಿದವರ ಕಾರಿನಲ್ಲಿ ಹಾಗಾಗುತ್ತದೆ," ಎಂದರು ಜೋನ್.

ನನಗಂತೂ ಅದು ಸರಿ ಎನಿಸಿತು. ನಿಮ್ಮ ಅಜ್ಜನಿಗೆ ಕೊನೆಯ ವರ್ಷಗಳಲ್ಲಿ ಹಲ್ಲಿನ ಸೆಟ್ಟು ಇತ್ತು. ಯಾರಾದರೂ ಕೇಳಿದರೆ, "ನನಗೇನಾಗಿದೆ, ಹುಟ್ಟಿದ ಹಾಗೆ ಇದ್ದೇನೆ" ಎನ್ನುತ್ತಿದ್ದರು. ಸುಳ್ಳು ಎನ್ನಲೇ ಅದನ್ನು?

ಆಮೇಲೆ ನಾವೆಲ್ಲ ಬನ್ಸು ತಿಂದೆವು. ಜೋನ್ ಬೆರಳು ಚೀಪಿಕೊಂಡು ಏನು ಹಾಕಿದ್ದೀರಿ ಎಂದು ಕೇಳಿದರು. ಬಾಳೆಹಣ್ಣು ಎಂದೆ, ಇಂಗ್ಲಿಷಿನಲ್ಲಿ, ತನ್ವಿಯ ಸಹಾಯವಿಲ್ಲದೆ.

ಮನೆಗೆ ಬರುವ ದಾರಿಯಲ್ಲಿ ಅಳಿಯ ಬೈಯುತ್ತಾರೆಯೇ ಎಂದು ನಾನು ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದೆ. ಸಿಗ್ನಲಿನಲ್ಲಿ ನಿಂತಾಗ ಕನ್ನಡಿಯಲ್ಲಿ ನನ್ನನ್ನು ನೋಡಿ, "ಅತ್ತೆ, ಬರುವ ವರ್ಷ ಕದ್ದು ಹಚ್ಚುವುದು ಬೇಡ," ಎಂದರು. ನಾನು ತಲೆಯಾಡಿಸಿದೆ. "ನಾನಿರುವಾಗ ಹಚ್ಚಿ. ಹೊರಗೆ ಎಲ್ಲಾದರೂ ಒಂದು ಜಾಗ ನೋಡುವಾ. ನಿಮ್ಮ ಕೈಯಿಂದಲೇ ಆಗಲಿ."

ತನ್ವಿ ಹಿಂದಿನ ಸೀಟಿನಲ್ಲಿ ನನ್ನ ಕೈ ಹಿಡಿದುಕೊಂಡಳು. ನಾನು ಮತ್ತೆ ಕಿಟಕಿಯ ಹೊರಗೆ ನೋಡಿದೆ. ಕಣ್ಣಿಗೇನೋ ಬಿದ್ದಿತ್ತು.

ಮರುದಿನ ಭಾನುವಾರ. ಹಸಿರು ಕಾರು ಬಹಳ ತಿಂಗಳ ನಂತರ ಭಾನುವಾರದ ಗೆಳೆಯರ ಕಡೆಗೆ ಹೊರಟಿತು. ನಮ್ಮನ್ನೂ ಒತ್ತಾಯ ಮಾಡಿ ಕರೆದುಕೊಂಡು ಹೋದರು. ಕೆಫೆಟೇರಿಯಾದ ಮುಂದೆ ನಿಲ್ಲಿಸಿ, ಇಳಿದು, ಎಲ್ಲಕ್ಕಿಂತ ಮೊದಲು ಬಾನೆಟ್ ಎತ್ತಿದರು. ಜನ ಸೇರಿದರು.

ಅಳಿಯ ಮೊದಲು ಏನು ಹೇಳುತ್ತಾರೆ ಎಂದು ನಾನು ಕಾಯುತ್ತಿದ್ದೆ. ಕಾರು ಅಸಲಿ ಎಂದು ಕೂಗಿ ಹೇಳಬಹುದಿತ್ತು, ಆ ಸಂತೋಷ ಅವರದ್ದೇ ಆಗಿತ್ತು. ಅವರು ಹೇಳಿದ್ದು ಇಷ್ಟು: "ಗೇರ್‌ಬಾಕ್ಸ್ ಇದರದ್ದಲ್ಲ. ಬೇರೆ ಕಾರಿನದ್ದು. ಉಳಿದದ್ದೆಲ್ಲ ಬಾಬಾ ಹೇಳಿದ ಹಾಗೇ ಉಂಟು."

ಸುಧೀರ್ ಚಹಾದ ಕಪ್ಪು ಹಿಡಿದುಕೊಂಡು ಹತ್ತಿರ ಬಂದರು. "ಅಲ್ಲಪ್ಪ, ಗೇರ್‌ಬಾಕ್ಸ್ ವಿಷಯ ಯಾರೂ ಕೇಳ್ಲೇ ಇಲ್ವಲ್ಲ. ಯಾಕೆ ಹೇಳ್ಕೋತೀಯ?"

"ಕೇಳುವ ಮೊದಲೇ ಹೇಳಿದ್ರೆ ಸುಲಭ ಮಾರಾಯ್ರೆ," ಎಂದರು ಅಳಿಯ. ಆಮೇಲೆ ಹಳದಿ ಗೆರೆ ತೋರಿಸಿದರು. ಕುಂಕುಮದ ಕಥೆಯನ್ನೂ ಬಿಡದೆ ಹೇಳಿದರು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ತನ್ವಿಯ ಹಿಂದೆ ಸರಿದೆ. ಯಾರೋ ನನಗೊಂದು ಚಹಾ ತಂದುಕೊಟ್ಟರು.

"ಜೋನ್ ಮುಂದಿನ ವಾರವೂ ಇಲ್ಲೇ ಇರ್ತಾರೆ," ಎಂದರು ಅಳಿಯ, ಬಹಳ ವಿನಯದಿಂದ. "ಸುಧೀರ್, ನಿಮ್ಮದನ್ನೂ ಒಮ್ಮೆ ತೋರಿಸುವಾ?"

"ನೋಡೋಣ ಗುರು, ಈ ವೀಕ್ ಸ್ವಲ್ಪ ಬ್ಯುಸಿ ಇದೀನಿ."

ಅಂದು ಬೆಳಿಗ್ಗೆ ನಮ್ಮದನ್ನು ನೋಡಿ ಒಬ್ಬೊಬ್ಬರಾಗಿ ಎಲ್ಲರೂ ತಮ್ಮ ಕಾರುಗಳ ಬಾನೆಟ್ ಎತ್ತಿದರು, ಒಳಗೆ ತಲೆಹಾಕಿ ಗೆರೆ, ಹನಿ, ಬೆರಳಗುರುತು ಹುಡುಕತೊಡಗಿದರು, ಮಕ್ಕಳ ಹಾಗೆ ಕೂಗಿ ಕೂಗಿ ತೋರಿಸಿದರು. ಅಷ್ಟು ಚೆಂದ ಹೊಳೆಯುವ ಆ ಕೆಂಪು ಕಾರಿನ ಬಾನೆಟ್ ಮಾತ್ರ ಕೊನೆಯವರೆಗೂ ಯಾಕೆ ತೆರೆಯಲಿಲ್ಲ?